ಹಾಜರಿ ಪುಸ್ತಕದಲ್ಲಿ ಇಲ್ಲದವರು

(ಉಡುಪಿ ಜಿಲ್ಲೆಯ ಒಂದು ಇಗರ್ಜಿ ಶಾಲೆಯ ಸನ್ಮಾನ ಸಭೆಯಲ್ಲಿ ಆಡಿದ ಮಾತುಗಳನ್ನು ಗೆಳೆಯರ ಒತ್ತಾಯಕ್ಕೆ ಬರಹಕ್ಕೆ ಇಳಿಸಿದ್ದೇನೆ. ಸನ್ಮಾನಿತರು ತಮ್ಮ ಹೆಸರನ್ನು ಎಲ್ಲಿಯೂ ಅಚ್ಚು ಮಾಡಬಾರದೆಂದು ಕೇಳಿಕೊಂಡಿದ್ದರಿಂದ ಊರಿನವರು ಕರೆಯುವ ಹಾಗೆ ‘ಬಾಯಮ್ಮ’ ಎಂದೇ ಬರೆದಿದ್ದೇನೆ.)

ವೇದಿಕೆಯ ಮೇಲಿರುವ ವಂದನೀಯ ಗುರುಗಳೇ, ಸಿಸ್ಟರುಗಳೇ, ಹಳೆ ವಿದ್ಯಾರ್ಥಿಗಳೇ, ಮುಂದಿನ ಸಾಲಿನಲ್ಲಿ ಒಲ್ಲದ ಮನಸ್ಸಿನಿಂದ ಕುಳಿತಿರುವ ಬಾಯಮ್ಮನವರೇ,

ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಇದೇ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಗಂಟೆ ಬಾರಿಸಿದ ಮೇಲೂ ಪಾಠ ಎಳೆಯುತ್ತಿದ್ದವನು. ಹಳೆ ವಿದ್ಯಾರ್ಥಿಗಳು ಈಗಾಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವುದು ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

ಕಳೆದ ವಾರ ಈ ಮಾತಿಗೆ ಸಿದ್ಧನಾಗಲೆಂದು ಶಾಲೆಯ ಕಚೇರಿಗೆ ಹೋಗಿ ಹಳೆಯ ಕಡತಗಳನ್ನು ಕೇಳಿದೆ. ಬಾಯಮ್ಮ ಇಲ್ಲಿ ಕೆಲಸ ಶುರು ಮಾಡಿದ ದಿನಾಂಕ ಬೇಕಿತ್ತು. ಶಿಕ್ಷಕರ ಹಾಜರಿ ಪುಸ್ತಕ ನೋಡಿದೆ, ಇಲ್ಲ. ಸಂಬಳದ ಬಿಲ್ಲುಗಳ ಕಟ್ಟು ಬಿಚ್ಚಿದೆ, ಇಲ್ಲ. ಇನ್ಸ್‌ಪೆಕ್ಟರು ಬಂದು ಹೋದಾಗ ಬರೆದಿಟ್ಟ ವರದಿಗಳಲ್ಲಿ ಶಾಲೆಯ ಬಾವಿಯ ಪ್ರಸ್ತಾಪವಿದೆ, ಮುರಿದ ಬೆಂಚುಗಳ ಲೆಕ್ಕವಿದೆ, ಕೈತೋಟದ ಬಸಳೆ ಚಪ್ಪರಕ್ಕೆ ಮೆಚ್ಚುಗೆಯಿದೆ, ಬಾಯಮ್ಮ ಇಲ್ಲ. ಗೆದ್ದಲು ಹಿಡಿದ 1981ರ ಕ್ಯಾಶ್ ಪುಸ್ತಕದಲ್ಲಿ ಕಡೆಗೂ ಒಂದು ಸಾಲು ಸಿಕ್ಕಿತು: ‘ಬಾಯಮ್ಮನವರಿಗೆ, ಸೀಮೆಎಣ್ಣೆ ಬಾಬ್ತು, ರೂ. 3.40.’ ಸಂಜೆ ಪಾಠದ ದೀಪಕ್ಕೆ ಅವರು ಕೈಯಿಂದ ಕೊಂಡು ತಂದ ಎಣ್ಣೆಯ ಹಣ. ನಲವತ್ತಾರು ವರ್ಷಗಳ ಕೆಲಸಕ್ಕೆ ಈ ಸಂಸ್ಥೆಯ ದಾಖಲೆಯಲ್ಲಿ ಉಳಿದಿರುವುದು ಈ ಮೂರು ರೂಪಾಯಿ ನಲವತ್ತು ಪೈಸೆ.

ದಿನಾಂಕವನ್ನು ಅವರನ್ನೇ ಕೇಳಿದೆ. ‘ಸಜ್ಜಿಗೆ ಬೇಯಿಸುವವಳು ಹೆರಿಗೆಗೆ ಹೋದ ವರ್ಷ, ಮಾಷ್ಟ್ರೇ’ ಎಂದರು. ಅಕ್ಷರ ದಾಸೋಹ ಬರುವುದಕ್ಕೆ ಬಹಳ ಹಿಂದಿನ ಮಾತು. ಆಗ ಅಮೆರಿಕದಿಂದ ಬಂದ ಗೋಧಿ ನುಚ್ಚಿನಲ್ಲಿ ಶಾಲೆಗಳಲ್ಲಿ ಸಜ್ಜಿಗೆ ಬೇಯಿಸುತ್ತಿದ್ದರು, ಹಾಲಿನ ಪುಡಿ ಕದಡಿ ಕೊಡುತ್ತಿದ್ದರು. ಒಂದು ತಿಂಗಳ ಮಟ್ಟಿಗೆ ಸೌಟು ಹಿಡಿಯಲು ಬಂದವರು ಬಾಯಮ್ಮ. ಹೆರಿಗೆಗೆ ಹೋದವಳು ಮಗು ಎತ್ತಿಕೊಂಡು ಮರಳಿ ಬಂದಳು, ಆ ಮಗು ಇದೇ ಶಾಲೆಗೆ ಸೇರಿ ಏಳನೆಯ ತರಗತಿ ಮುಗಿಸಿ ಹೋಯಿತು. ಬಾಯಮ್ಮ ಮನೆಗೆ ಹೋಗಲಿಲ್ಲ.

ಆಹ್ವಾನ ಪತ್ರಿಕೆಯಲ್ಲಿ ‘ಕಥೊಲಿಕ ಶಿಕ್ಷಣಕ್ಕೆ ಜೀವಮಾನದ ಸ್ವಯಂಸೇವೆ’ ಎಂದು ಅಚ್ಚಾಗಿದೆ. ಸ್ವಯಂಸೇವೆ ಎನ್ನುವ ಮಾತು ನನಗೆ ಸ್ವಲ್ಪ ಪೇಟೆಯ ಮಾತಾಗಿ ಕೇಳಿಸುತ್ತದೆ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಹಾಗೆ. ಹಳ್ಳಿಯಲ್ಲಿ ಕೂಲಿ ಕೊಡದ ಕೆಲಸಕ್ಕೆ ಇದ್ದ ಹಳೆಯ ಮಾತು ಬೇರೆ: ಬಿಟ್ಟಿ. ಧಣಿಯ ಗದ್ದೆಯಲ್ಲಿ, ಪಟೇಲರ ಅಂಗಳದಲ್ಲಿ ಮಾಡಬೇಕಾಗಿ ಬಂದ ಬಿಟ್ಟಿ ಚಾಕರಿ. ಆ ಮಾತಿನಲ್ಲಿ ಕಹಿ ಇದೆ, ಇರಬೇಕಾದದ್ದೇ. ದೇವಸ್ಥಾನದ ಅಂಗಳ ಗುಡಿಸಿದರೆ ಅದು ಸೇವೆ, ಧಣಿಯ ಅಂಗಳ ಗುಡಿಸಿದರೆ ಅದು ಬಿಟ್ಟಿ. ಗುಡಿಸುವ ಕೈ ಅದೇ, ಹಿಡಿಸೂಡಿಯೂ ಅದೇ. ವ್ಯತ್ಯಾಸ ಇರುವುದು ‘ನಾಳೆ ನಾನು ಬರುವುದಿಲ್ಲ’ ಎಂದು ಹೇಳುವ ಸ್ವಾತಂತ್ರ್ಯದಲ್ಲಿ. ಬಾಯಮ್ಮನಿಗೆ ಆ ಸ್ವಾತಂತ್ರ್ಯವಿತ್ತು, ಅವರು ಅದನ್ನು ಬಳಸಲಿಲ್ಲ. ಆದರೆ ಹಾಗೆ ಹೇಳಲಾಗದವರೂ ನಮ್ಮ ಸಂಸ್ಥೆಗಳಲ್ಲಿ ದುಡಿದಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಫಾದರ್ ಕೋಪಿಸಿಕೊಳ್ಳಬಾರದು.

ಈ ಶಿಕ್ಷಣದ ಇತಿಹಾಸ ಹೇಳುವಾಗ ನಾವು ಕಟ್ಟಡದಿಂದ ಶುರು ಮಾಡುತ್ತೇವೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880, ಸಂತ ಆಗ್ನೆಸ್ ಕಾಲೇಜು 1921, ಹೀಗೆ. ಕಲ್ಲು ಇಟ್ಟ ಬಿಷಪರ ಹೆಸರು, ಜಾಗ ಕೊಟ್ಟ ದೊಡ್ಡ ಮನೆತನದ ಹೆಸರು. ಅಲೋಶಿಯಸ್ ಚಾಪೆಲಿನ ಗೋಡೆ ಮಾಳಿಗೆಗಳ ಮೇಲಿನ ಚಿತ್ರಗಳನ್ನು ನೋಡಲು ಹೋದವರು ಅಂತೋನಿಯೊ ಮೊಸ್ಕೇನಿಯ ಹೆಸರು ಕೇಳಿಕೊಂಡು ಬರುತ್ತಾರೆ. ಅವರು ಪಾದ್ರಿಯಲ್ಲ, ಯೇಸುಸಭೆ ಎಂಬ ಜೆಸ್ವಿಟ್ ಸನ್ಯಾಸಿ ಸಂಘದ ಬ್ರದರ್. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಟ್ಟಣಿಗೆಗಳ ಮೇಲೆ ಮಲಗಿ ಬಣ್ಣ ಬಳಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಆದರೆ ಹಸಿ ಗಾರೆ ಆರುವ ಮುಂಚೆ ಬಣ್ಣ ಹಾಕಬೇಕಾದ ಆ ಕೆಲಸದಲ್ಲಿ ಸುಣ್ಣ ಹದ ಮಾಡಿ ಮೇಲೆ ಸಾಗಿಸಿದವರನ್ನು ಯಾರೂ ಕೇಳುವುದಿಲ್ಲ.

ನಾನು ಇತಿಹಾಸವನ್ನು ಬೇರೆ ತುದಿಯಿಂದ ಓದುವವನು. ಇಟಲಿಯ ಬ್ರೇಶಿಯಾ ಎನ್ನುವ ಊರಿನಲ್ಲಿ 1535ರಲ್ಲಿ ಆಂಜೆಲಾ ಮೆರಿಚಿ ಎಂಬ ಹೆಂಗಸು ಕೆಲವು ಯುವತಿಯರನ್ನು ಒಟ್ಟುಗೂಡಿಸಿ ಸಂತ ಉರ್ಸುಲಾಳ ಹೆಸರಿನಲ್ಲಿ ಒಂದು ಕೂಟ ಮಾಡಿದಳು. ಅವರಿಗೆ ಮಠವಿರಲಿಲ್ಲ, ಎತ್ತರದ ಗೋಡೆಯಿರಲಿಲ್ಲ. ತಮ್ಮ ತಮ್ಮ ಮನೆಗಳಲ್ಲಿಯೇ ಇದ್ದುಕೊಂಡು ದೇವರಿಗೆ ಮುಡಿಪಾದ ಬಾಳು ಬಾಳಿದರು. ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸಕ್ಕೆ ಆ ಹೆಸರು ಮುಂದೆ ಯುರೋಪಿನಲ್ಲೆಲ್ಲ ಪರ್ಯಾಯಪದವೇ ಆಯಿತು. ಮರುವರ್ಷ, 1536ರಲ್ಲಿ, ಅಲ್ಲಿಂದ ಹೆಚ್ಚು ದೂರವಿಲ್ಲದ ಮಿಲಾನಿನಲ್ಲಿ ಕಾಸ್ತೆಲಿನೊ ದ ಕಾಸ್ತೆಲೊ ಎಂಬ ಪಾದ್ರಿ ಹಬ್ಬದ ದಿನಗಳಲ್ಲಿ ಬೀದಿಯ ಹುಡುಗರನ್ನು ಕೂಡಿಸಿ ಧರ್ಮಪಾಠದ ಜತೆಗೆ ಓದು ಬರಹ ಕಲಿಸುವ ಶಾಲೆ ತೆರೆದರು. ಕಲಿಸುತ್ತಿದ್ದವರು ಸಂಸಾರಸ್ಥರು, ಕಸುಬುದಾರರು. ಸಂಬಳವಿಲ್ಲ. ಆರು ದಿನ ದುಡಿದು ಏಳನೆಯ ದಿನ ಬೇರೆಯವರ ಮಕ್ಕಳಿಗೆ ಅಕ್ಷರ ತಿದ್ದಿಸುವುದು. ಐವತ್ತು ವರ್ಷ ಕಳೆಯುವುದರೊಳಗೆ ಆ ಧರ್ಮಪ್ರಾಂತದಲ್ಲಿ ಸುಮಾರು 40,000 ಮಕ್ಕಳು ಇಂಥ ಶಾಲೆಗಳಲ್ಲಿದ್ದರು.

ಈ ದಾರ ನಮ್ಮ ಊರಿನವರೆಗೆ ಬಂದಿದೆ. ಕಾರ್ಮೆಲ್ ಸಭೆಯ ಸಿಸ್ಟರುಗಳು ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಇಳಿದದ್ದು 1870ರಲ್ಲಿ, ಅವರ ಕಥೆ ನಿಮಗೆ ಗೊತ್ತು. ಅದಕ್ಕೆ ಹದಿನೇಳು ವರ್ಷಗಳ ಮೇಲೆ, 1887ರಲ್ಲಿ, ಯೇಸುಸಭೆಯ ಫಾದರ್ ಉರ್ಬನ್ ಸ್ಟೈನ್ ಮಂಗಳೂರಿನಲ್ಲಿ ಊರಿನವರೇ ಆದ ಕೆಲವು ಹೆಣ್ಣುಮಕ್ಕಳನ್ನು ಕೂಡಿಸಿದರು. ಹಡಗಿನಿಂದ ಇಳಿದವರಲ್ಲ, ಇಲ್ಲಿಯ ಕುಚ್ಚಿಲಕ್ಕಿ ಗಂಜಿ ಉಂಡು ಬೆಳೆದವರು. ಆರಂಭದಲ್ಲಿ ಅವರೂ ತಮ್ಮ ಮನೆಗಳಲ್ಲಿಯೇ ಇದ್ದು ಹೆಂಗಸರಿಗೆ, ಮಕ್ಕಳಿಗೆ ಕಲಿಸುತ್ತಿದ್ದರು. ಇಟ್ಟುಕೊಂಡ ಹೆಸರು ಅದೇ, ಉರ್ಸುಲಾಳದ್ದು. ಇಂದಿನ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯ ಬೇರು ಅದು. ಬಾಯಮ್ಮ ಸಿಸ್ಟರ್ ಅಲ್ಲ. ಆದರೆ ನಾನು ಅವರನ್ನು ಸೇರಿಸುವುದು ಈ ಸಾಲಿಗೇ: ಮನೆಯಲ್ಲಿ ಇದ್ದುಕೊಂಡು, ಒಲೆ ಹೊತ್ತಿಸಿಟ್ಟು, ಆಮೇಲೆ ಶಾಲೆಗೆ ಬಂದವರು.

ಪಕ್ಕದ ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ ಅವರದು ಇನ್ನೊಂದು ಕಥೆ. ಪ್ರತಿ ಇಗರ್ಜಿಯ ಪಕ್ಕದಲ್ಲೂ ಒಂದು ಶಾಲೆ ಇರಬೇಕೆಂದು 1864ರಲ್ಲಿ ಅಪ್ಪಣೆ ಮಾಡಿದವರು. ಶಾಲೆ ಕಟ್ಟಿದರೆ ಸಾಕೇ, ಹಸಿದ ಹುಡುಗ ಬರುತ್ತಾನೆಯೇ? ಅದಕ್ಕೆ ಅವರು ಕಂಡುಕೊಂಡ ಉಪಾಯ ಪಿಡಿಯರಿ, ಅಂದರೆ ಹಿಡಿ ಅಕ್ಕಿ. ಮನೆಯ ಹೆಂಗಸು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕಿಡಬೇಕು, ವಾರಕ್ಕೊಮ್ಮೆ ಅದು ಒಟ್ಟಾಗಿ ಬಡ ಮಕ್ಕಳ ಮಧ್ಯಾಹ್ನದ ಗಂಜಿಯಾಗಬೇಕು. ಬೆಂಗಳೂರಿನ ಕ್ರೈಸ್ಟ್ ಕಾಲೇಜನ್ನು 1969ರಲ್ಲಿ ಆರಂಭಿಸಿದ್ದು ಇದೇ ಚಾವರ ಅವರು ಕಟ್ಟಿದ ಸಭೆ. ಹಿಡಿ ಅಕ್ಕಿಯಿಂದ ಆ ಕಾಲೇಜಿರುವ ಹೊಸೂರು ರಸ್ತೆಯವರೆಗೆ ದೂರ ಬಹಳ. ಅಕ್ಕಿಯ ಮಾತು ಬಂದಾಗ ಕನ್ನಡ ಮೇಷ್ಟ್ರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುತ್ತಾಳೆಯೇ? ಗಂಡ ಮಾರಯ್ಯ ಅಂದು ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳು. ಒಬ್ಬರು ಹಿಡಿ ತೆಗೆದಿಡಲು ಹೇಳಿದರು, ಇನ್ನೊಬ್ಬರು ಹಿಡಿ ಮೀರಿದ್ದನ್ನು ಮರಳಿಸಲು ಹೇಳಿದರು. ಇಬ್ಬರ ಲೆಕ್ಕವೂ ಅಡುಗೆಮನೆಯ ಲೆಕ್ಕ.

ಇತಿಹಾಸ ಸಾಕು. 1989ರ ಜುಲೈ ತಿಂಗಳ ಒಂದು ಸಂಜೆಗೆ ಬರುತ್ತೇನೆ.

ಆರನೆಯ ತರಗತಿಯ ಹುಡುಗಿಯೊಬ್ಬಳು ಎರಡು ವಾರದಿಂದ ಬಂದಿರಲಿಲ್ಲ. ನಾನು ಹಾಜರಿಯಲ್ಲಿ ಗೈರು ಗುರುತು ಹಾಕುತ್ತಾ ಹೋಗುತ್ತಿದ್ದೆ. ನನ್ನ ಕೆಲಸ ಅಷ್ಟು ಎಂದು ತಿಳಿದಿದ್ದೆ. ಬಾಯಮ್ಮ ಬಂದು, ‘ಮಾಷ್ಟ್ರೇ, ಕೊಡೆ ಇದೆಯಾ?’ ಎಂದು ಕೇಳಿದರು. ಗದ್ದೆಯ ಹುಣಿಯ ಮೇಲೆ ಒಂದು ಮೈಲು ನಡೆದೆವು. ನನ್ನ ಚಪ್ಪಲಿಯ ಉಂಗುಷ್ಠ ಕೆಸರಿನಲ್ಲಿ ಕಿತ್ತು ಹೋಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಆ ಮನೆಯ ಜಗಲಿ ಹತ್ತಿದೆ.

ಜಗಲಿಯಲ್ಲಿ ತಾಯಿ, ಮಗಳು, ಮಗಳ ಚಿಕ್ಕಮ್ಮ, ಮೂವರೂ ಬೀಡಿ ಕಟ್ಟುತ್ತಿದ್ದರು. ಮೂರು ಮೊರಗಳು ಮಡಿಲಲ್ಲಿ. ನೆನೆಸಿ ಹದಕ್ಕೆ ಬಂದ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿಯಿಂದ ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು ಉದುರಿಸಿ ಸುತ್ತುವುದು, ತುದಿ ಮಡಚಿ ಉಗುರಿನಿಂದ ಒತ್ತುವುದು, ನೂಲು ಸುತ್ತುವುದು. ಮಾತನಾಡುವಾಗಲೂ ಕೈ ನಿಲ್ಲುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಎಷ್ಟು ಮನೆಗಳ ಒಲೆ ಉರಿದದ್ದು ಬೀಡಿ ಬ್ರಾಂಚಿನ ಪಾಸ್ ಪುಸ್ತಕದಿಂದ ಎನ್ನುವುದು ಇಲ್ಲಿ ಕುಳಿತ ಅರ್ಧ ಜನಕ್ಕೆ ಗೊತ್ತು. ನಾನು ನಿಂತೇ ವಿದ್ಯೆಯ ಮಹತ್ವ ಹೇಳಲು ಶುರು ಮಾಡಿದೆ. ಆ ತಾಯಿ ತಲೆ ಎತ್ತದೆ, ‘ನೀವು ಹೇಳುವುದು ಸರಿ ಮಾಷ್ಟ್ರೇ, ಇವಳ ಐನೂರು ಬೀಡಿಯ ಮಜೂರಿ ಯಾರು ಕೊಡುತ್ತಾರೆ?’ ಎಂದಳು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಬಾಯಮ್ಮ ಆಗಲೇ ಕೆಳಗೆ ಕುಳಿತಾಗಿತ್ತು. ಹುಡುಗಿಯ ಮಡಿಲಿನ ಮೊರವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು, ಕತ್ತರಿ ಕೈಗೆ ತೆಗೆದುಕೊಂಡರು. ಅವರೂ ಬೀಡಿ ಕಟ್ಟಿ ಬೆಳೆದವರೆಂದು ನನಗೆ ಗೊತ್ತಾದದ್ದು ಅಂದೇ. ಒಂದೂವರೆ ಗಂಟೆ ಅವರು ಶಾಲೆಯ ಸುದ್ದಿ ಎತ್ತಲಿಲ್ಲ. ಎಲೆ ಈ ಸಲ ಕಳಪೆ ಬಂದಿದೆ, ಬ್ರಾಂಚಿನವನು ಕಟ್ಟುಗಳನ್ನು ಸುಮ್ಮನೆ ತಿರಸ್ಕರಿಸುತ್ತಾನೆ, ಚಿಕ್ಕಮ್ಮನ ಮದುವೆಯ ಮಾತುಕತೆ ಎಲ್ಲಿಗೆ ಬಂತು, ಇಷ್ಟೇ. ಏಳುವಾಗ ಒಪ್ಪಂದ ಆಗಿತ್ತು: ಹುಡುಗಿ ಬೆಳಿಗ್ಗೆ ಶಾಲೆಗೆ, ಸಂಜೆ ಮನೆಯಲ್ಲಿ ಇನ್ನೂರು ಬೀಡಿ. ಉಳಿದ ಮುನ್ನೂರರಲ್ಲಿ ತಾಯಿ ಅರ್ಧ ಬಿಟ್ಟುಕೊಟ್ಟಳು, ಅರ್ಧಕ್ಕೆ ಸಮನಾಗಿ ಪುಸ್ತಕ, ಸಮವಸ್ತ್ರ, ಕೊಡೆಯ ಖರ್ಚನ್ನು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯಿಂದ ಕೊಡಿಸುವುದಾಗಿ ಬಾಯಮ್ಮ ಮಾತು ಕೊಟ್ಟರು. (ಈ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಕಟ್ಟಿದ ಫ್ರೆಡೆರಿಕ್ ಓಜನಾಮನಿಗೆ ಆಗ ಇಪ್ಪತ್ತು ವರ್ಷ, ಕಾಲೇಜು ಹುಡುಗ. ನಮ್ಮಲ್ಲಿ ಅದು ಮುದುಕರ ಸಭೆ ಎಂದು ಹೇಗೆ ಹೆಸರಾಯಿತೋ!)

ಆ ಹುಡುಗಿ ಕಲೆಕ್ಟರ್ ಆದಳು ಎಂದು ಹೇಳಿದರೆ ಭಾಷಣಕ್ಕೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಒಮ್ಮೆ ಬಿದ್ದು ಎರಡನೆಯ ಸಲ ದಾಟಿದಳು. ಬಾಯಮ್ಮನ ಜತೆ ಆ ಮಳೆಗಾಲದಲ್ಲಿ ನಾನು ಹತ್ತಿಳಿದ ಹನ್ನೊಂದು ಜಗಲಿಗಳಲ್ಲಿ ನಾಲ್ಕರಲ್ಲಿ ನಾವು ಸೋತು ಬಂದೆವು. ಒಂದು ಮನೆಯವರು ನಾಯಿ ಬಿಟ್ಟರು.

ಹಾಗಾದರೆ ಇದರಲ್ಲಿ ಕಥೊಲಿಕ ಎನ್ನುವುದು ಏನು ಎಂದು ನನ್ನಂಥ ಹೊರಗಿನವನು ಕೇಳಬಹುದು, ಕೇಳಿದ್ದೇನೆ ಕೂಡ. ಆ ಹನ್ನೊಂದು ಮನೆಗಳಲ್ಲಿ ಕ್ರೈಸ್ತರ ಮನೆ ಎರಡೇ. ಬಾಯಮ್ಮನ ಸಂಜೆ ಪಾಠ ಇಗರ್ಜಿಯ ಮುಂದಿನ ಮಂಟಪದಲ್ಲಿ ನಡೆಯುತ್ತಿತ್ತು, ಬ್ಯಾರಿ ಮಕ್ಕಳು, ಬಿಲ್ಲವರ ಮಕ್ಕಳು, ಕೊರಗರ ಕೇರಿಯ ಮಕ್ಕಳು ಒಂದೇ ಚಾಪೆಯಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ಕಥೊಲಿಕ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಅದು ಬೇರೆ. ಸಂಜೆ ಪಾಠಕ್ಕೆ ಅವರು ಜಪಸರ ತರುತ್ತಿರಲಿಲ್ಲ, ದೊತೊರ್ನಿಗೆ ಮಗ್ಗಿ ತರುತ್ತಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಬಡವರು, ಮನೆಯ ಆಸರೆ ಇಲ್ಲದವರು, ಈ ವಿಶ್ವಾಸಕ್ಕೆ ಸೇರದವರು, ಇವರ ಅಗತ್ಯಗಳನ್ನು ವಿಶೇಷವಾಗಿ ನೋಡಿಕೊಳ್ಳಬೇಕು ಎಂಬ ಮಾತಿದೆ. ಬಾಯಮ್ಮ ಅದನ್ನು ಓದಿಲ್ಲ. ನಾನು ಓದಿ ಹೇಳಿದಾಗ, ‘ಮತ್ತೆ ಯಾರನ್ನು ನೋಡಿಕೊಳ್ಳುವುದು?’ ಎಂದು ಕೇಳಿದರು.

ಭಾಷೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಶಾಲೆ ಕನ್ನಡ ಮಾಧ್ಯಮದ ಶಾಲೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಬೆರಳೆಣಿಕೆ. ತುಳು, ಕೊಂಕಣಿ, ಬ್ಯಾರಿ, ಅಷ್ಟೇ. ಬಾಯಮ್ಮನ ಮನೆಮಾತು ಕೊಂಕಣಿ, ಅವರ ಕೊಂಕಣಿ ಬರೆಯುವುದು ಕನ್ನಡ ಅಕ್ಷರದಲ್ಲಿ. ಇಲ್ಲಿಯ ಪ್ರಾರ್ಥನೆ ಪುಸ್ತಕ ಹಾಗಿದೆ, 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆ ಹಾಗಿದೆ. ಆದ್ದರಿಂದ ಅವರ ಪಾಲಿಗೆ ‘ಅ’ ಎನ್ನುವುದು ಎರಡು ಬಾಗಿಲುಗಳ ಬೀಗದ ಕೈ. ಸಂಜೆ ತಿದ್ದಿದ ಅಕ್ಷರದಿಂದ ಹುಡುಗ ಬೆಳಿಗ್ಗೆ ನನ್ನ ಪದ್ಯ ಓದುತ್ತಿದ್ದ, ರಾತ್ರಿ ಅಜ್ಜಿಗೆ ರಾಕ್ಣೊ ಓದಿ ಹೇಳುತ್ತಿದ್ದ. ಎಸ್ಸೆಸ್ಸೆಲ್ಸಿಯವರೆಗೆ ಓದಿದ, ಶಿಕ್ಷಕ ತರಬೇತಿ ಇಲ್ಲದ ಹೆಂಗಸು. ಅವರ ಒತ್ತಕ್ಷರ ನನ್ನ ಒತ್ತಕ್ಷರಕ್ಕಿಂತ ದುಂಡಗಿತ್ತು.

ಈಗ ಆಗಲೇ ಹೇಳಿದ ಕಹಿ ವಿಷಯ.

ಬಾಯಮ್ಮ ಬದುಕಿದ್ದು ಮಲ್ಲಿಗೆಯಿಂದ. ಗಂಡ ಮುಂಬಯಿಯಿಂದ ಕಳಿಸುತ್ತಿದ್ದ ಮನಿಯಾರ್ಡರು ನಿಂತ ಮೇಲೆ ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗದ ಮಲ್ಲಿಗೆಯೇ ಆಧಾರ. ಶಂಕರಪುರದ ಮಲ್ಲಿಗೆಯ ಹೆಸರು ಕೇಳದವರಿಲ್ಲ, ಆದರೆ ಅದರ ಗಡಿಯಾರ ಎಂಥದೆಂದು ಬೆಳೆದವರಿಗೇ ಗೊತ್ತು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆಯಾಗಬೇಕು, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಬೇಕು. ಬಿಸಿಲೇರಿ ಮೊಗ್ಗು ಬಿರಿಯಿತೋ, ಅಂದಿನ ದುಡಿಮೆ ಮುಗಿಯಿತು. ಜೂನ್ ತಿಂಗಳಲ್ಲಿ ದಾಖಲಾತಿಗೆಂದು ಮನೆಮನೆ ಸುತ್ತುವ ದಿನಗಳಲ್ಲಿ ಬಾಯಮ್ಮನ ಅಂಗಳದಲ್ಲಿ ಕೊಯ್ಯದ ಮಲ್ಲಿಗೆ ಅರಳಿ ನಿಂತಿರುತ್ತಿತ್ತು. ದಾರಿಯಲ್ಲಿ ಹೋಗುವವರು ಎಂಥ ಪರಿಮಳ ಎನ್ನುತ್ತಿದ್ದರು. ಅದು ಅವರ ಅಕ್ಕಿ, ಸಾಂಬಾರಿನ ಪರಿಮಳ. ಪುಕ್ಕಟೆ ಸೇವೆ ಎಂದು ನಾವು ಹೇಳುವುದು ನಮಗೆ ಪುಕ್ಕಟೆಯಾದದ್ದನ್ನು. ಅವರಿಗೆ ಅದು ಒಂದು ದಿನವೂ ಪುಕ್ಕಟೆ ಇರಲಿಲ್ಲ.

ನಾನು ಸಂಬಳ ಎಣಿಸಿಕೊಂಡವನು. ಅನುದಾನಿತ ಶಾಲೆಯ ಶಿಕ್ಷಕನಿಗೆ ಸರ್ಕಾರದ ವೇತನ, ಈಗ ಪಿಂಚಣಿ. ನಾನು ಹಗಲು ಕಲಿಸಿ ಅರ್ಥವಾಗದೆ ಉಳಿದದ್ದನ್ನು ಅವರು ಸಂಜೆ ಕಲಿಸುತ್ತಿದ್ದರು. ನನ್ನ ತರಗತಿಯ ಫಲಿತಾಂಶ ಚೆನ್ನಾಗಿ ಬಂದ ವರ್ಷ ನನಗೆ ಪ್ರಶಸ್ತಿ ಪತ್ರ ಬಂತು, ಮನೆಯ ಗೋಡೆಯಲ್ಲಿದೆ. ಇನ್ನೊಂದು ವಿಷಯ, ಇದನ್ನು ಹೇಳಲೆಂದೇ ನಾನು ಇಲ್ಲಿ ನಿಂತಿರುವುದು. ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಒಂಬತ್ತು ಕುರ್ಚಿಗಳಿದ್ದವು. ಬಾಯಮ್ಮ ಅಲ್ಲಿಗೆ ಬಂದಾಗ ಬಾಗಿಲಿಗೆ ಒರಗಿ ನಿಂತು ಮಾತನಾಡಿ ಹೋಗುತ್ತಿದ್ದರು. ಇಷ್ಟು ವರ್ಷ. ಕುಳಿತುಕೊಳ್ಳಿ ಎಂದು ಹೇಳಲು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಹೇಳಲಿಲ್ಲ. ಆ ಒಂಬತ್ತರಲ್ಲಿ ಕಿಟಕಿಯ ಪಕ್ಕದ ಕುರ್ಚಿ ನನ್ನದು.

ವ್ಯಾಟಿಕನ್ ದೀರ್ಘಕಾಲ ಸೇವೆ ಮಾಡಿದವರಿಗೆ ಪದಕ ಕೊಡುತ್ತದೆ. ಒಂದರ ಹೆಸರು ಬೆನೆಮೆರೆಂತಿ, ಲ್ಯಾಟಿನ್‌ನಲ್ಲಿ ‘ಒಳ್ಳೆಯದಕ್ಕೆ ಪಾತ್ರರಾದವರಿಗೆ’ ಎಂದು ಅರ್ಥ. ‘ಪ್ರೊ ಎಕ್ಲೇಸಿಯಾ ಎತ್ ಪೊಂತಿಫಿಚೆ’ ಎಂಬ ಇನ್ನೊಂದನ್ನು ಪೋಪ್ ಹದಿಮೂರನೆಯ ಲಿಯೋ 1888ರಲ್ಲಿ, ತಮ್ಮ ಗುರುದೀಕ್ಷೆಯ ಚಿನ್ನದ ಹಬ್ಬದ ನೆನಪಿಗೆ ಆರಂಭಿಸಿದರು. ಇದೇ ಲಿಯೋ ಮೂರು ವರ್ಷ ಕಳೆದು 1891ರಲ್ಲಿ ಕಾರ್ಮಿಕರ ಸ್ಥಿತಿಯ ಬಗ್ಗೆ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರ ಬರೆದು, ದುಡಿದವನಿಗೆ ಸಂಸಾರ ಸಾಗಿಸಲು ಸಾಲುವಷ್ಟು ಕೂಲಿ ಕೊಡುವುದು ನ್ಯಾಯದ ವಿಷಯ ಎಂದರು. ಪದಕ ಕೊಟ್ಟ ಕೈಯೇ ಕೂಲಿಯ ಪತ್ರವನ್ನೂ ಬರೆಯಿತು. ನಮ್ಮ ಸಂಸ್ಥೆಗಳು ಮೊದಲನೆಯದನ್ನು ಬೇಗ ಕಲಿತವು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೆಯ ವಿಧಿ ಇನ್ನೂ ನೇರ: ಸಭೆಯ ಸೇವೆಗೆ ತಮ್ಮನ್ನು ಕೊಟ್ಟುಕೊಂಡ ಸಂಸಾರಸ್ಥರಿಗೆ ತಮ್ಮ ಮತ್ತು ಮನೆಯವರ ಅಗತ್ಯಕ್ಕೆ ತಕ್ಕ ಸಂಭಾವನೆಯ ಹಕ್ಕಿದೆ ಎನ್ನುತ್ತದೆ. ಹಕ್ಕು ಎನ್ನುವುದೇ ಅಲ್ಲಿಯ ಮಾತು, ಶಾಲು ಎಂದಿಲ್ಲ.

ಸಿಸ್ಟರುಗಳ ಮಾತು ಇನ್ನೂ ಸೂಕ್ಷ್ಮ. ಅನುದಾನಿತ ಶಾಲೆಯಲ್ಲಿ ಕಲಿಸುವ ಸಿಸ್ಟರಿನ ಸಂಬಳ ಬಡತನದ ವ್ರತದಿಂದಾಗಿ ಮಠಕ್ಕೆ ಹೋಗುತ್ತದೆ. ಆ ಸಂಬಳಕ್ಕೆ ಆದಾಯ ತೆರಿಗೆ ಹಿಡಿಯಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2024ರ ನವೆಂಬರಿನಲ್ಲಿ ಹಿಡಿಯಬಹುದು ಎಂದು ತೀರ್ಮಾನವಾಯಿತು. ತೆರಿಗೆಯ ಕಣ್ಣಿಗೆ ಅವರು ಸಂಬಳದಾರರು, ವ್ರತದ ಕಣ್ಣಿಗೆ ಬರಿಗೈಯವರು. ಕೈಗೊಂಡ ವ್ರತ ಅದು, ಅವರು ತಿಳಿದು ಮಾಡಿದ್ದು, ನಾನು ಗೌರವಿಸುತ್ತೇನೆ. ಆದರೆ ವ್ರತ ತೊಡದ ಗೌರವ ಶಿಕ್ಷಕಿಗೆ ಕೈಗೆ ಬರುವ ಹಣ ನೋಡಿದರೆ ನಾವು ಅವಳಿಗೂ ಬಡತನದ ವ್ರತ ಕೊಟ್ಟಂತೆ ಕಾಣುತ್ತದೆ. ನಾನು ನಿವೃತ್ತನಾದ ಹುದ್ದೆಗೆ ಇಂದಿಗೂ ನೇಮಕಾತಿ ಆಗಿಲ್ಲ. ಆ ಜಾಗದಲ್ಲಿ ಕಲಿಸುತ್ತಿರುವವಳು, ಅಗೋ ಹಿಂದಿನ ಸಾಲಿನಲ್ಲಿ ನಿಂತಿದ್ದಾಳೆ, ನನ್ನದೇ ಶಿಷ್ಯೆ. ಹಳೆ ವಿದ್ಯಾರ್ಥಿ ಸಂಘದ ದೇಣಿಗೆಯಿಂದ ಅವಳಿಗೆ ತಿಂಗಳ ಗೌರವಧನ, ಅದೂ ಏಪ್ರಿಲ್, ಮೇ ಬಿಟ್ಟು. ಅವಳನ್ನು ‘ಬಾಯಮ್ಮನ ಹಾದಿಯಲ್ಲಿ ನಡೆಯುವವಳು’ ಎಂದು ಈಗ ತಾನೇ ಒಬ್ಬರು ಹೊಗಳಿದರು. ಬಾಯಮ್ಮ ಆ ಹಾದಿ ಹಿಡಿದಾಗ ಅವರಿಗೆ ಮಲ್ಲಿಗೆ ಇತ್ತು. ಈ ಹುಡುಗಿಗೆ ಮನೆ ಬಾಡಿಗೆ ಇದೆ. ಹಳೆ ವಿದ್ಯಾರ್ಥಿ ಸಂಘದ ಕೋಶಾಧಿಕಾರಿಗಳು ಇಲ್ಲೇ ಇದ್ದಾರೆ, ಇಂದಿನ ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸಿನ ಖರ್ಚು ಎಷ್ಟೆಂದು ನಾನು ಕೇಳುವುದಿಲ್ಲ, ಅವರೇ ಅವಳ ಮೇ ತಿಂಗಳ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಲಿ.

ಹದಿನೈದು ನಿಮಿಷ ಎಂದೋ ಮುಗಿಯಿತು, ಗೊತ್ತು. ಕಡೆಯ ವಿಷಯ.

ಶುಕ್ರವಾರ ರಾತ್ರಿ ಬಾಯಮ್ಮನ ಮನೆಗೆ ಹೋಗಿದ್ದೆ. ನಿಮ್ಮ ಬಗ್ಗೆ ಏನು ಹೇಳಬೇಕು ಎಂದು ಕೇಳಿದ್ದಕ್ಕೆ ಒಳಗೆ ಹೋಗಿ ಈ ನೋಟ್‌ಬುಕ್ ತಂದು ಕೊಟ್ಟರು. ‘ನನ್ನ ಬಗ್ಗೆ ಬೇಡ, ಇದನ್ನು ಓದಿ’ ಎಂದರು. ಇನ್ನೂರು ಪುಟದ ರೂಲಿನ ಪುಸ್ತಕ, ಇಂಥವು ಅವರ ಬಳಿ ಹದಿನೇಳು ಇವೆ. ಪುಟಕ್ಕೊಂದು ಮಗು: ಮನೆ ಎಲ್ಲಿ, ಎಷ್ಟು ದಿನದಿಂದ ಬಂದಿಲ್ಲ, ಯಾಕೆ, ಯಾರ ಮಾತು ಮನೆಯಲ್ಲಿ ನಡೆಯುತ್ತದೆ. ‘ತಂದೆಯ ಮಾತು ನಡೆಯುವುದಿಲ್ಲ, ದೊಡ್ಡಮ್ಮನನ್ನು ಕಾಣಬೇಕು’ ಎಂದು ಒಂದು ಕಡೆ. ‘ಮಗುವಿಗೆ ಬೋರ್ಡು ಕಾಣುವುದಿಲ್ಲ, ಹೇಳಲು ನಾಚಿಕೆ’ ಎಂದು ಇನ್ನೊಂದು ಕಡೆ. ಕೆಲಸ ಆದ ಪುಟದ ಮೇಲೆ ಓರೆಗೆರೆ. ಕೊನೆಯ ಬರೆದ ಪುಟಗಳಲ್ಲಿ ಐದಕ್ಕೆ ಗೆರೆ ಬಿದ್ದಿಲ್ಲ.

ಹೆಸರು ಓದುವುದಿಲ್ಲ. ಎರಡು ಪುಟ ಕೆಂಪುಕಲ್ಲಿನ ಕೋರೆಯ ಶೆಡ್ಡಿನವು, ಅಣ್ಣ ತಂಗಿ, ಬಾಗಲಕೋಟೆ ಕಡೆಯಿಂದ ಕಲ್ಲು ಕಡಿಯಲು ಬಂದ ಕುಟುಂಬ. ನಮ್ಮ ಕನ್ನಡ ಶಾಲೆಗೆ ಈಗ ಮನೆಮಾತು ಕನ್ನಡವಾಗಿರುವ ಮಕ್ಕಳು ಬರುವುದು ಅಲ್ಲಿಂದಲೇ. ಅವರ ಕನ್ನಡ ಕೇಳಿ ನಮ್ಮ ಮಕ್ಕಳು ನಗುತ್ತಾರಂತೆ, ಅದಕ್ಕೇ ಬರುತ್ತಿಲ್ಲ ಎಂದು ಬಾಯಮ್ಮ ಬರೆದುಕೊಂಡಿದ್ದಾರೆ. ಇದು ಕನ್ನಡ ಮೇಷ್ಟ್ರ ಕೆಲಸ, ಹಾಗಾಗಿ ಸೋಮವಾರ ಸಂಜೆ ಐದು ಗಂಟೆಗೆ ಕೋರೆಗೆ ನಾನು ಹೋಗುತ್ತೇನೆ. ನನ್ನ ಮೊಣಕಾಲಿಗೆ ಆ ದಿಣ್ಣೆ ಹತ್ತಲಾಗುವುದಿಲ್ಲ, ಬೈಕ್ ಇರುವವರು ಒಬ್ಬರು ಬೇಕು. ಉಳಿದ ಮೂರು ಮನೆಗಳಲ್ಲಿ ಒಂದು ಹೊಳೆಯ ಆಚೆ, ಎರಡು ಇಲ್ಲೇ ಪೇಟೆಯಲ್ಲಿ. ನೋಟ್‌ಬುಕ್ಕನ್ನು ಈ ಮೇಜಿನ ಮೇಲೆ, ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇಟ್ಟಿರುತ್ತೇನೆ. ಊಟಕ್ಕೆ ಹೋಗುವ ಮುಂಚೆ ಬಂದು ನೋಡಿ, ಪೆನ್ನು ನನ್ನ ಹತ್ತಿರ ಇದೆ.